ಚಾಡಿಕೋರ ಮೊಟ್ಟೆಗಳು

“ಹೋದ ವಾರವೆಲ್ಲ ಇವಕ್ಕೆ ಸೊಪ್ಪು ಹಾಕಿಲ್ಲ ನೀನು.”

ಅಜ್ಜಿ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ, ಒಂದು ಹೋಳನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಸಿಡುಕಿ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದು ಶೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಹಾಕಿದ್ದೀನಿ.”

“ಈ ಹಳದಿ ನೋಡು. ಒಗೆದೂ ಒಗೆದೂ ಬಣ್ಣ ಹೋದ ಅಂಗಿ ಥರ ಇದೆ. ಸೊಪ್ಪು ತಿಂದ ಕೋಳಿ ಇಂಥ ಮೊಟ್ಟೆ ಇಡುತ್ತಾ?”

“ಒಂದು ದಿನ ಮರೆತೆ, ಅಷ್ಟೆ.”

ಅಜ್ಜಿ ಮೊಟ್ಟೆಯ ಹೋಳನ್ನು ಸಿಡುಕಿಯ ಮುಖಕ್ಕೆ ತಿರುಗಿಸಿ ಹಿಡಿದಳು. ಪೇಲವ ಹಳದಿ ಕಣ್ಣೊಂದು ಅವಳನ್ನೇ ನೋಡುತ್ತಿದ್ದಂತಿತ್ತು.

“ಆಯ್ತು! ಹಾಕಿಲ್ಲ! ವಾರದಿಂದ ಹಾಕಿಲ್ಲ! ಸಾಕಾ?”

“ನನಗ್ಯಾಕೆ ಹೇಳ್ತೀಯಾ? ಹೋಗಿ ಕೋಳಿಗಳಿಗೆ ಹೇಳು” ಎಂದು ಅಜ್ಜಿ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡಳು.

ಸಿಡುಕಿಯ ನಿಜವಾದ ಹೆಸರು ಶಾಲೆಯಲ್ಲಿ ಹಾಜರಿ ಕರೆಯುವಾಗ ಮಾತ್ರ ಬಳಕೆಯಾಗುತ್ತಿತ್ತು. ಲಾರಿ ಓಡಿಸುವ ಅಪ್ಪ, ವಾರಕ್ಕೊಮ್ಮೆ ಮನೆಗೆ ಬಂದಾಗಲೆಲ್ಲ ಮಗಳು ಯಾವುದಾದರೊಂದಕ್ಕೆ ಸಿಡಿಮಿಡಿ ಎನ್ನುತ್ತಿರುವುದನ್ನು ಕಂಡು ಈ ಹೆಸರಿಟ್ಟಿದ್ದ. ಹೆಸರು ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದನ್ನು ನೋಡಿ ಎಲ್ಲರೂ, “ನೋಡಿದ್ರಾ, ಸರಿಯಾದ ಹೆಸರೇ ಇಟ್ಟಿದ್ದಾನೆ” ಎಂದು ನಗುತ್ತಿದ್ದರು. ಅದಕ್ಕೆ ಅವಳಿಗೆ ಇನ್ನೂ ಸಿಟ್ಟು ಬರುತ್ತಿತ್ತು. ಇದು ಮುಗಿಯುವ ಕತೆಯೇ ಅಲ್ಲ.

ಕೋಳಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸವಾಗಿರಲಿಲ್ಲ. ಅವು ಅಜ್ಜಿಯ ಕೋಳಿಗಳು. ಒಟ್ಟು ಐದು. ಕರಿ, ಬಿಳಿ, ಜುಟ್ಟಿ, ಬೊಜ್ಜಿ, ಮತ್ತು ಎದೆಯುಬ್ಬಿಸಿ ತರಗತಿ ತರಗತಿ ಇಣುಕುವಂತೆ ನಡೆಯುವ ಹೆಡ್‌ಮೇಡಂ. ಒಂದು ಬೆಳಿಗ್ಗೆ ಅಜ್ಜಿ ಹಿತ್ತಲಿನ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಒಳಗೆ ಕಬ್ಬಿಣದ ಸರಳು ಇಟ್ಟು ಕಳಿಸಿದರು. ಅಜ್ಜಿ ಹಿಂದಿನ ಕೋಣೆಯ ಕಿಟಕಿಯ ಪಕ್ಕದ ಮಂಚಕ್ಕೆ ಬಂದಳು. ಕೋಳಿಗಳು ಸಿಡುಕಿಯ ತಲೆಗೆ ಬಂದವು.

ಮಂಚದ ಮೇಲೆ ಒರಗಿ ಕೂತರೆ ಅಜ್ಜಿಗೆ ಕಿಟಕಿಯಿಂದ ಕಾಣುತ್ತಿದ್ದುದು ಬಟ್ಟೆ ಒಣಹಾಕುವ ತಂತಿ, ಪಕ್ಕದ ಮನೆಯ ಗೋಡೆ, ಒಂದು ತುಂಡು ಆಕಾಶ. ಅಷ್ಟೇ. ಕೋಳಿ ಗೂಡು ಮೂಲೆಯಾಚೆ ಇತ್ತು. ಅಲ್ಲಿ ಏನಾಗುತ್ತಿದೆ ಎಂದು ಅಜ್ಜಿಗೆ ಗೊತ್ತಾಗುವ ಹಾಗೇ ಇಲ್ಲ ಎಂದು ಸಿಡುಕಿ ನಂಬಿದ್ದಳು.

ನಂಬಿ ಕೆಟ್ಟಳು. ಅಜ್ಜಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಮೊಟ್ಟೆಯಿಂದ.

ಒಂದು ದಿನ ನೀರಿನ ಬಟ್ಟಲು ತುಂಬಿಸುವುದನ್ನು ಸಿಡುಕಿ ಮರೆತಳು. ಮರುದಿನ ಗೂಡಿನಲ್ಲಿ ಒಂದೇ ಒಂದು ಮೊಟ್ಟೆ ಸಿಕ್ಕಿತು. “ನಿನ್ನೆ ಬಟ್ಟಲು ಒಣಗಿತ್ತು ಅಲ್ವಾ?” ಎಂದಳು ಅಜ್ಜಿ, ಪಕ್ಕದಲ್ಲೇ ನಿಂತು ನೋಡಿದವಳ ಹಾಗೆ.

ಇನ್ನೊಮ್ಮೆ, ಕೋಳಿಗಳಿಗೆ ಪ್ರೋಟೀನ್ ಬೇಕು ಎಂದು ವಿಜ್ಞಾನದ ಟೀಚರ್ ಹೇಳಿದ್ದೇ ತಡ, ಸಿಡುಕಿ ಮೀನಂಗಡಿಯವನನ್ನು ಕಾಡಿ ಬೇಡಿ ಒಂದು ಚೀಲ ಮೀನಿನ ತಲೆ, ಕರುಳು ತಂದು ಸುರಿದಳು. ಕೋಳಿಗಳು ಹಬ್ಬ ಮಾಡಿದವು. ಆಮೇಲೆ ಒಂದು ವಾರ ಆ ಮನೆಯಲ್ಲಿ ಮಾಡಿದ ಆಮ್ಲೆಟ್ಟೆಲ್ಲ ಮೀನು ವಾಸನೆ! ಅಮ್ಮ ಬಾಣಲೆಯನ್ನು ಮತ್ತೆ ಮತ್ತೆ ತಿಕ್ಕಿದಳು. ಅಜ್ಜಿಗಂತೂ ನಕ್ಕೂ ನಕ್ಕೂ ಸೊಂಟ ನೋವು ಬಂತು. “ಇನ್ನು ಈಜು ಕಲಿಸು ಅವಕ್ಕೆ” ಎಂದಳು.

“ಬೇರೆಯವರ ಮನೇಲಿ ಸಿಸಿಟಿವಿ ಇರುತ್ತೆ. ನಮ್ಮನೇಲಿ ಕೋಳಿಗಳಿವೆ. ಚಾಡಿಕೋರ ಕೋಳಿಗಳು!” ಎಂದು ಸಿಡುಕಿ ಶಾಲೆಯಲ್ಲಿ ಪಕ್ಕದ ಹುಡುಗಿಯ ಮುಂದೆ ಗೋಳಾಡಿದಳು.

“ಹಾಗಾದ್ರೆ ಸರಿಯಾಗಿ ನೋಡ್ಕೋ. ಆಗ ಚಾಡಿ ಹೇಳೋಕೆ ಏನೂ ಇರಲ್ಲ” ಎಂದಳು ಪಕ್ಕದ ಹುಡುಗಿ.

ಇಂಥ ಬುದ್ಧಿಮಾತು ಯಾರಿಗೆ ಬೇಕಿತ್ತು? ಆದರೂ ಅಜ್ಜಿಯ ಬಾಯಿ ಮುಚ್ಚಿಸಲು ಬೇರೆ ದಾರಿ ಇರಲಿಲ್ಲ. ಸಿಡುಕಿ ಹಟಕ್ಕೆ ಬಿದ್ದಳು. ಬೆಳಿಗ್ಗೆ ಎದ್ದ ತಕ್ಷಣ ಅಂಗಡಿಯಿಂದ ತಂದ ಫೀಡ್ ಅಳೆದು ತೊಟ್ಟಿಗೆ ಹಾಕಿದಳು. ತರಕಾರಿ ಅಂಗಡಿಯವಳು ಬಿಸಾಕುವ ಎಲೆಕೋಸಿನ ಹೊರಗಿನ ಎಲೆ, ಸೊಪ್ಪಿನ ದಂಟು ತಂದು ಹೆಚ್ಚಿ ಹಾಕಿದಳು. ಚಿಪ್ಪು ಗಟ್ಟಿಯಾಗಲಿ ಎಂದು ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟಳು. ನೀರು ಎರಡು ಹೊತ್ತು ಬದಲಿಸಿದಳು.

ಮೊದಮೊದಲು ಏನೂ ಬದಲಾಗಲಿಲ್ಲ. “ಇವತ್ತು ತಿಂದದ್ದು ಇವತ್ತೇ ಮೊಟ್ಟೆಗೆ ಬರಲ್ಲ ಕಣೇ. ಕಾಯಬೇಕು” ಎಂದಳು ಅಜ್ಜಿ. ಕಾಯುವುದು ಸಿಡುಕಿಗೆ ಆಗದ ಕೆಲಸ. ಆದರೂ ಕಾದಳು. ಕೊನೆಗೊಂದು ಬೆಳಿಗ್ಗೆ ಅಜ್ಜಿ ಮೊಟ್ಟೆ ಹೋಳು ಮಾಡಿ ನೋಡಿದಳು. ಒಳಗೆ ಮಾಗಿದ ಹಣ್ಣಿನ ಬಣ್ಣ.

“ಹೂಂ” ಎಂದಳು ಅಜ್ಜಿ.

ಆ ಒಂದು ‘ಹೂಂ’ ಕೇಳಿ ಸಿಡುಕಿ ಶಾಲೆಯವರೆಗೂ ಕುಣಿಯುತ್ತಾ ಹೋದಳು.

ಆ ಸುಖ ಬಹಳ ದಿನ ಉಳಿಯಲಿಲ್ಲ.

ಅಮ್ಮ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳು ಅಲ್ಲಿಗೆ ಗಂಟು ಗಂಟಾಗಿ ಬರುತ್ತಿದ್ದವು. ಅವನ್ನು ಬಿಚ್ಚಿ, ಒಗೆಯುವ ಮೆಷಿನ್ನಿಗೆ ತುಂಬಿ, ಒಣಗಿದ ಮೇಲೆ ಇಸ್ತ್ರಿ ಮಾಡಿ ಮಡಚಬೇಕು. ಒಂದು ದಿನ ಅಮ್ಮನ ಬೆನ್ನು ಹಿಡಿದುಕೊಂಡಿತು. ಡಾಕ್ಟರು ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿದರು.

“ಗಂಟು ಎತ್ತುವಾಗ ಹೀಗಾಯ್ತು” ಎಂದಳು ಅಮ್ಮ. ಅಜ್ಜಿ ಆಗ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡಳು ಸಿಡುಕಿ.

ಕೋಳಿಗಳಿಗೆ ಏನೋ ಆದದ್ದು ಅದಾದ ಮೇಲೆ.

ಮೊದಲು ಹಳದಿ ಪೇಲವವಾಯಿತು. ಆಮೇಲೆ ಚಿಪ್ಪು ತೆಳ್ಳಗಾಯಿತು. ಬೆರಳಿನಿಂದ ಸ್ವಲ್ಪ ಒತ್ತಿದರೆ ಸಾಕು, ಚಟ್ ಎಂದು ಬಿರುಕು ಬಿಡುತ್ತಿತ್ತು. ಬೊಜ್ಜಿಯಂತೂ ಒಂದು ದಿನ ಚಿಪ್ಪೇ ಇಲ್ಲದ, ಬಲೂನಿನಂತೆ ಮೆತ್ತಗಿನ ಮೊಟ್ಟೆ ಇಟ್ಟು, ತನಗೇನೂ ಸಂಬಂಧವಿಲ್ಲ ಎಂಬಂತೆ ಎದ್ದು ಹೋಯಿತು.

ಪಕ್ಕದ ಮನೆಯ ಟೈಲರ್ ಆಂಟಿ ಮಧ್ಯಾಹ್ನದ ಹೊತ್ತು ಬಂದು ಅಜ್ಜಿಯನ್ನು ನೋಡಿ ಹೋಗುತ್ತಿದ್ದರು. ಅವರಿಗೆ ಆಗಾಗ ಮೊಟ್ಟೆ ಕೊಡುವುದು ರೂಢಿ. ಆ ವಾರ ಕೊಟ್ಟ ಮೊಟ್ಟೆಗಳು ಅವರ ಚೀಲದಲ್ಲೇ ಒಡೆದು, ಹೊಲಿಯಲು ತಂದಿದ್ದ ಯಾರದೋ ಬಿಳಿ ಅಂಗಿಗೆ ಮೆತ್ತಿಕೊಂಡವು. ಆಂಟಿ ಅಂಗಿಯನ್ನು ಎತ್ತಿ ಹಿಡಿದುಕೊಂಡೇ ಬಂದರು.

“ಏನಮ್ಮಾ ಇದು? ಮೊಟ್ಟೆನಾ, ನೀರ್ಗುಳ್ಳೆನಾ? ಮುಟ್ಟಿದ್ರೆ ಒಡೆಯುತ್ತೆ!”

ಆ ಸಂಜೆ ಅಮ್ಮ ಸಿಡುಕಿಗೆ ಚೆನ್ನಾಗಿ ಬೈದಳು. “ಒಂದೇ ಒಂದು ಕೆಲಸ ನಿನಗೆ ಕೊಟ್ಟಿದ್ದು. ಅಜ್ಜಿಗೆ ಶಕ್ತಿ ಬರಲಿ, ದಿನಾ ಎರಡು ಒಳ್ಳೆ ಮೊಟ್ಟೆ ತಿನ್ನಲಿ ಅಂತ. ಅದನ್ನೂ ನೆಟ್ಟಗೆ ಮಾಡಲ್ವಲ್ಲ ನೀನು!”

“ಮಾಡ್ತಾ ಇದ್ದೀನಿ! ಸೊಪ್ಪು ಹಾಕಿದ್ದೀನಿ, ಪುಡಿ ಇಟ್ಟಿದ್ದೀನಿ, ಫೀಡ್ ಹಾಕಿದ್ದೀನಿ. ಅಜ್ಜೀನ ಕೇಳು ಬೇಕಾದ್ರೆ! ಅವಳಿಗೆ ಮೊಟ್ಟೆ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ.”

ಇಬ್ಬರೂ ಅಜ್ಜಿಯ ಕಡೆ ನೋಡಿದರು. ಎಲ್ಲದಕ್ಕೂ ಉತ್ತರವಿದ್ದ ಅಜ್ಜಿ ಹೊದಿಕೆಯ ಅಂಚನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು.

“ಬಿಸಿಲು ಕಣೇ” ಎಂದಳು ಕೊನೆಗೆ. “ಬಿಸಿಲಿಗೆ ಹಾಗಾಗುತ್ತೆ.”

ಸಿಡುಕಿ ಕಿಟಕಿಯಾಚೆ ನೋಡಿದಳು. ಹೊರಗೆ ಮೋಡ ಮುಚ್ಚಿಕೊಂಡಿತ್ತು. ಅಮ್ಮ ಸ್ವೆಟರ್ ಹಾಕಿಕೊಂಡಿದ್ದಳು.

ಸಿಡುಕಿಗೆ ತಲೆ ಚಿಟ್ಟು ಹಿಡಿಯಿತು. ಮರುದಿನದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೋಳಿಗಳ ಹಿಂದೆ ಬಿದ್ದಳು. ಸಂಜೆ ಶಾಲೆಯಿಂದ ಬಂದು ನೋಡಿದರೆ ಬೆಳಿಗ್ಗೆ ಹಾಕಿದ ಫೀಡ್ ಅರ್ಧಕ್ಕರ್ಧ ತೊಟ್ಟಿಯಲ್ಲೇ ಬಿದ್ದಿರುತ್ತಿತ್ತು. ಸೊಪ್ಪು ಬಾಡಿರುತ್ತಿತ್ತು. ಹಾಗೆಂದು ಕೋಳಿಗಳು ಹಸಿದಿರಲಿಲ್ಲ. ಜುಟ್ಟಿಯನ್ನು ಹಿಡಿದು, ಅಜ್ಜಿ ಹೇಳಿಕೊಟ್ಟ ಹಾಗೆ ಕೊರಳ ಕೆಳಗೆ ಮುಟ್ಟಿ ನೋಡಿದಳು. ಕೋಳಿ ತಿಂದದ್ದೆಲ್ಲ ಮೊದಲು ಅಲ್ಲಿನ ಚೀಲದಲ್ಲಿ ಸೇರುತ್ತದೆ. ಚೀಲ ಚೆಂಡಿನಂತೆ ಉಬ್ಬಿತ್ತು. ಒತ್ತಿದರೆ ಹಿಟ್ಟಿನ ಮುದ್ದೆಯಂತೆ ಮೆತ್ತಗಿತ್ತು.

ಎಂದರೆ ಯಾರೋ ಇವಕ್ಕೆ ಬೇರೇನೋ ತಿನ್ನಿಸುತ್ತಿದ್ದಾರೆ. ಅದರಿಂದ ಹೊಟ್ಟೆ ತುಂಬಿ, ತಿನ್ನಬೇಕಾದ್ದನ್ನು ಇವು ತಿನ್ನುತ್ತಿಲ್ಲ!

ಸಿಡುಕಿ ನೇರವಾಗಿ ಟೈಲರ್ ಆಂಟಿಯ ಬಾಗಿಲು ಬಡಿದಳು. ಗೋಡೆಯಾಚೆ ಇದ್ದ ಮನೆ ಅದೊಂದೇ.

“ಆಂಟಿ, ನೀವು ಗೋಡೆ ಮೇಲಿಂದ ನಮ್ಮ ಕೋಳಿಗಳಿಗೆ ಏನಾದ್ರೂ ಹಾಕ್ತೀರಾ?”

“ನಾನಾ?” ಆಂಟಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದರು. “ನನಗೇ ಊಟ ಮಾಡೋಕೆ ಟೈಮಿಲ್ಲ. ನಿಮ್ಮ ಕೋಳಿಗೆ ಬಡಿಸ್ತಾ ಕೂರ್ತೀನಾ? ಆ ಅಂಗಿ ಕಲೆ ಇನ್ನೂ ಹೋಗಿಲ್ಲ, ಗೊತ್ತಾ? ಮೂರು ಸೋಪು ಬದಲಾಯಿಸಿದೆ!”

ಅಂಗಿಯ ಕತೆಯನ್ನು ಪೂರ್ತಿ ಕೇಳಿಸಿಕೊಂಡು ಸಿಡುಕಿ ಕೆಂಪಗಾದ ಮುಖದೊಂದಿಗೆ ಮನೆಗೆ ಬಂದಳು.

ಮನೆಗೆ ಫಿಸಿಯೋ ಅಕ್ಕ ಬಂದಿದ್ದರು. ವಾರಕ್ಕೊಮ್ಮೆ ಬಂದು ಅಜ್ಜಿಗೆ ಕಾಲಿನ ವ್ಯಾಯಾಮ ಮಾಡಿಸುತ್ತಿದ್ದರು. ಅಂದು ಅಜ್ಜಿ ವಾಕರ್ ಹಿಡಿದು ನಿಂತವಳು ಎರಡು ಹೆಜ್ಜೆಗೇ ಕುಸಿದು ಕೂತಳು. ಫಿಸಿಯೋ ಅಕ್ಕನ ಹುಬ್ಬು ಗಂಟಾಯಿತು.

“ಹೋದ ತಿಂಗಳು ಬಾಗಿಲವರೆಗೆ ನಡೆದಿದ್ರಲ್ಲ ಅಜ್ಜಿ? ಈಗ ಹಿಂದೆ ಹಿಂದೆ ಹೋಗ್ತಿದ್ದೀರಿ. ಊಟ ಸರಿಯಾಗಿ ಮಾಡ್ತೀರಾ?”

“ಡಬ್ಬಿ ತುಂಬ ಇಟ್ಟು ಹೋಗ್ತೀನಿ. ಸಂಜೆ ಬರೋವಾಗ ಖಾಲಿಯಾಗಿರುತ್ತೆ” ಎಂದಳು ಅಮ್ಮ. “ಒಂದು ಅಗುಳೂ ಬಿಡಲ್ಲ.”

“ಮತ್ತೆ ತಿಂದದ್ದೆಲ್ಲ ಎಲ್ಲಿಗೆ ಹೋಗ್ತಿದೆ? ಹೀಗೇ ಆದ್ರೆ ಮತ್ತೆ ಆಸ್ಪತ್ರೆಗೇ ಸೇರಿಸಬೇಕಾಗುತ್ತೆ, ನೋಡಿ.”

ಅಮ್ಮ ಸಿಡುಕಿಯ ಕಡೆ ನೋಡಿದಳು. ಆ ನೋಟವೇ ಸಾಕಾಗಿತ್ತು. ಪೇಲವ ಮೊಟ್ಟೆ, ಶಕ್ತಿಯಿಲ್ಲದ ಅಜ್ಜಿ, ಎಲ್ಲಕ್ಕೂ ಇವಳೇ ಕಾರಣ ಎಂಬಂತಿತ್ತು. ಸಿಡುಕಿ ಹಿತ್ತಲಿಗೆ ಓಡಿಹೋಗಿ ಗೂಡಿನ ಹಿಂದೆ ಕೂತು ಅತ್ತಳು. ಹೆಡ್‌ಮೇಡಂ ಬಂದು ಅವಳ ಶೂ ಲೇಸನ್ನು ಹುಳುವೆಂದುಕೊಂಡು ಎಳೆಯಿತು. “ಹೋಗೇ!” ಎಂದು ಅದನ್ನೂ ಅಟ್ಟಿದಳು.

ಇದಾಗಿ ಸ್ವಲ್ಪ ದಿನಕ್ಕೆ ಶಾಲೆಯ ನೀರಿನ ಪಂಪು ಕೆಟ್ಟಿತು. ಕುಡಿಯಲು ನೀರಿಲ್ಲ ಎಂದು ಎಲ್ಲರನ್ನೂ ಊಟಕ್ಕೆ ಮುಂಚೆಯೇ ಮನೆಗೆ ಕಳಿಸಿದರು. ಸಿಡುಕಿ ಹಿಂದಿನ ಗೇಟಿನಿಂದ ಒಳಗೆ ಬಂದಳು.

ಗೂಡಿನ ಹತ್ತಿರ ಒಂದು ಕೋಳಿಯೂ ಇರಲಿಲ್ಲ. ತೊಟ್ಟಿಯಲ್ಲಿ ಫೀಡ್ ಹಾಗೇ ಇತ್ತು. ಮೂಲೆ ತಿರುಗಿದಳು. ಐದೂ ಕೋಳಿಗಳು ಅಜ್ಜಿಯ ಕಿಟಕಿಯ ಕೆಳಗೆ ಕತ್ತೆತ್ತಿ ಸಾಲಾಗಿ ನಿಂತಿದ್ದವು. ಬಸ್ಸಿಗೆ ಕಾಯುವವರ ಹಾಗೆ.

ಕಿಟಕಿಯ ಸರಳುಗಳ ನಡುವೆ ಒಂದು ಕೈ ಬಂತು. ಕೈ ತುಂಬ ಅನ್ನ. ಅನ್ನ ಕೆಳಗೆ ಬಿದ್ದಿತು. ಕೋಳಿಗಳು ಮುಗಿಬಿದ್ದವು. ಕೈ ಒಳಗೆ ಹೋಗಿ ಮತ್ತೆ ಬಂತು. ಈ ಸಲ ಬ್ರೆಡ್ಡಿನ ಚೂರು. ಆಮೇಲೆ ಆಲೂಗಡ್ಡೆ. ಕೊನೆಗೆ ಒಂದು ಬೇಯಿಸಿದ ಮೊಟ್ಟೆ! ಅದು ಕಲ್ಲಿಗೆ ತಾಗಿ ಒಡೆಯಿತು. ಜುಟ್ಟಿ ಒಂದು ತುಂಡು ಕಚ್ಚಿಕೊಂಡು ಓಡಿತು. ಉಳಿದ ನಾಲ್ಕೂ ಅದರ ಬೆನ್ನಟ್ಟಿದವು.

ಸಿಡುಕಿ ಮರುಕ್ಷಣ ಬ್ಯಾಗ್ ಅಲ್ಲೇ ಎಸೆದು ಒಳಗೆ ನುಗ್ಗಿದಳು.

“ಅಜ್ಜೀ!”

ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದ ಅಜ್ಜಿ ಬೆಚ್ಚಿಬಿದ್ದಳು.

“ನೀನಾ? ನೀನಾ ಅದು? ನಿನಗೆ ಗೊತ್ತಿತ್ತು! ಅನ್ನ, ಬ್ರೆಡ್ಡು ತಿಂದು ಹೊಟ್ಟೆ ತುಂಬಿಸ್ಕೊಂಡ್ರೆ ಚಿಪ್ಪು ತೆಳ್ಳಗಾಗುತ್ತೆ ಅಂತ ನಿನಗೆ ಗೊತ್ತಿತ್ತು. ಆದ್ರೂ ಬಿಸಿಲು ಅಂದೆ! ಅಮ್ಮ ನನಗೆ ಬೈದಾಗ ಸುಮ್ನೆ ಇದ್ದೆ! ಆಂಟಿ ಬೈದ್ರು. ನಾನು ಹೋಗಿ ಆಂಟಿ ಮೇಲೆ ಅನುಮಾನ ಪಟ್ಟೆ! ಎಲ್ಲಾ ನೋಡ್ಕೊಂಡು ಸುಮ್ನೆ ಇದ್ದೆ ನೀನು!”

ಅಜ್ಜಿ ಹೀಗೆ ತಲೆ ತಗ್ಗಿಸಿ ಕೂತದ್ದನ್ನು ಸಿಡುಕಿ ಎಂದೂ ನೋಡಿರಲಿಲ್ಲ. ಅದನ್ನು ಕಂಡು ಅವಳ ಸಿಟ್ಟು ಇಳಿಯುವ ಬದಲು ಇನ್ನೂ ಏರಿತು.

“ಯಾಕೆ ತಿನ್ನಲ್ಲ ನೀನು? ಅಮ್ಮ ಮಾಡಿದ ಅಡುಗೆ ಚೆನ್ನಾಗಿಲ್ವಾ?”

“ಚೆನ್ನಾಗಿದೆ.”

“ಮತ್ತೆ?”

“ತಿಂದ್ರೆ, ಕುಡಿದ್ರೆ, ಹೋಗಬೇಕಾಗುತ್ತೆ ಕಣೇ.”

“ಎಲ್ಲಿಗೆ?”

“ಇನ್ನೆಲ್ಲಿಗೆ?” ಅಜ್ಜಿಯ ದನಿ ಸಣ್ಣದಾಯಿತು. “ಬಾತ್‌ರೂಮಿಗೆ.”

ಸಿಡುಕಿ ಮಂಚದ ಅಂಚಿಗೆ ಕೂತಳು.

“ನಿಮ್ಮಮ್ಮನ ಬೆನ್ನು ಹಿಡ್ಕೊಂಡಿದ್ದು ಲಾಂಡ್ರಿಯಲ್ಲಲ್ಲ. ನನ್ನನ್ನ ಅಲ್ಲಿಂದ ಎತ್ತೋವಾಗ. ಅಯ್ಯೋ ಅಂತ ಬಾಯಿ ಕಚ್ಚಿಕೊಂಡಳು. ನನಗೆ ಕೇಳಿಸಲ್ಲ ಅಂದ್ಕೊಂಡಳು. ದಿನವೆಲ್ಲ ಅಲ್ಲಿ ಗಂಟು ಎತ್ತಿ ಬರ್ತಾಳೆ. ಮನೇಲಿ ನಾನೊಂದು ಗಂಟು.”

“ಮಧ್ಯಾಹ್ನ ಟೈಲರ್ ಆಂಟಿ ಬರ್ತಾರಲ್ಲ?”

“ಬರ್ತಾಳೆ, ಪಾಪ. ಹೋಗಬೇಕಾ ಅಂತ ಕೇಳ್ತಾಳೆ. ನಾನು ಬೇಡ ಅಂತೀನಿ. ಹೋದ್ರೆ ಬಾಗಿಲಿಗೆ ಕಿವಿ ಇಟ್ಟು ನಿಂತಿರ್ತಾಳೆ, ಎಲ್ಲಿ ಬೀಳ್ತೀನೋ ಅಂತ. ಒಂದು ಸಪ್ಪಳವಾದ್ರೂ ‘ಆಯ್ತಾ? ಆಯ್ತಾ?’ ಅಂತಾಳೆ. ನನಗೆ ನಾಚಿಕೆ ಆಗುತ್ತೆ ಕಣೇ. ಈ ವಯಸ್ಸಲ್ಲಿ ನಾಚಿಕೆ ಏನು ಅಂತ ನಗಬೇಡ.”

ಸಿಡುಕಿಗೆ ನಗು ಬರಲಿಲ್ಲ. ಹೋದ ವರ್ಷ ಶಾಲೆಯ ಟಾಯ್ಲೆಟ್ಟಿನ ಚಿಲಕ ಮುರಿದಿತ್ತು. ಯಾರಾದರೂ ಬಾಗಿಲು ತಳ್ಳಿಬಿಟ್ಟರೆ ಎಂಬ ಹೆದರಿಕೆಗೆ ಅವಳು ಬೆಳಗಿನಿಂದ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಮನೆಗೆ ಓಡಿ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ.

“ಈಗ ಹೋಗಬೇಕಾ?” ಎಂದು ಕೇಳಿದಳು.

ಅಜ್ಜಿ ಕಿಟಕಿಯ ಕಡೆ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

ಸಿಡುಕಿ ವಾಕರ್ ಎಳೆದು ತಂದು ಮಂಚದ ಮುಂದೆ ಇಟ್ಟಳು. ಫಿಸಿಯೋ ಅಕ್ಕ ಹೇಳುತ್ತಿದ್ದುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. “ಮುಂದೆ ಸರಿ. ಕಾಲು ಹಿಂದಕ್ಕೆ. ವಾಕರ್ ಎಳೀಬೇಡ, ಮಂಚಾನ ಒತ್ತು. ಈಗ ಏಳು.”

ಮೊದಲ ಸಲ ಅಜ್ಜಿಗೆ ಏಳಲಾಗಲಿಲ್ಲ. ಎರಡನೇ ಸಲ ಅರ್ಧ ಎದ್ದು ಧಪ್ಪೆಂದು ಕೂತಳು.

“ಊಟ ಕೋಳಿಗೆ ಹಾಕಿದ್ರೆ ಕಾಲಿಗೆ ಶಕ್ತಿ ಎಲ್ಲಿಂದ ಬರುತ್ತೆ?” ಎಂದು ಸಿಡುಕಿ ಗದರಿದಳು. “ಇರು, ಆಂಟೀನ ಕರೀತೀನಿ.”

“ಬೇಡ!” ಎಂದ ಅಜ್ಜಿ ಆ ಹಟದಲ್ಲೇ ಎದ್ದು ನಿಂತಳು. ಕಾಲು ನಡುಗುತ್ತಿತ್ತು. ಸಿಡುಕಿ ಒಂದು ಕೈಯನ್ನು ವಾಕರಿನ ಮೇಲೂ ಇನ್ನೊಂದನ್ನು ಅಜ್ಜಿಯ ಬೆನ್ನಿಗೂ ಇಟ್ಟಳು. ಸೀರೆಯ ಕೆಳಗೆ ಮೂಳೆಗಳು ಕೈಗೆ ಚುಚ್ಚಿದವು. ಇಷ್ಟು ಬಡವಾದದ್ದು ಯಾವಾಗ? ದಿನಾ ನೋಡುತ್ತಿದ್ದರೂ ಅವಳ ಗಮನಕ್ಕೇ ಬಂದಿರಲಿಲ್ಲ.

ಕೋಣೆಯಿಂದ ಬಾತ್‌ರೂಮಿಗೆ ಏನು ಮಹಾ ದೂರ? ಸಿಡುಕಿ ದಿನಾ ಮೂರು ನೆಗೆತದಲ್ಲಿ ದಾಟುತ್ತಿದ್ದಳು. ಅಂದು ಅದು ಮುಗಿಯದ ರಸ್ತೆಯಂತಾಯಿತು. ಅಜ್ಜಿ ಉಸಿರು ಬಿಗಿಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ಒಳಗೆ ಹೋಗಿ ಗೋಡೆ ಹಿಡಿದು ಕೂತಳು.

“ಬಾಗಿಲು ಮುಂದೆ ಮಾಡು. ಇಲ್ಲಿ ನಿಲ್ಲಬೇಡ. ದೂರ ಹೋಗು.”

ಸಿಡುಕಿ ಎರಡು ಹೆಜ್ಜೆ ಹೋದಳು.

“ತುಂಬ ದೂರ ಹೋಗಬೇಡ!”

“ಅಯ್ಯೋ! ಒಂದು ಹೇಳು ಅಜ್ಜಿ!”

ಅವಳು ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಮನೆಯಲ್ಲಿ ಸದ್ದೇ ಇರಲಿಲ್ಲ. ಒಳಗೂ ಸದ್ದಿರಲಿಲ್ಲ. ಅಜ್ಜಿ ತನ್ನ ಕಿವಿಗೆ ಹೆದರಿ ಸುಮ್ಮನೆ ಕೂತಿದ್ದಾಳೆ ಎಂದು ಅವಳಿಗೆ ಹೊಳೆಯಿತು. ಸಿಡುಕಿ ಗಂಟಲು ಸರಿಮಾಡಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಮಗ್ಗಿ ಶುರುಮಾಡಿದಳು.

“ಹದಿಮೂರೊಂದ್ಲಿ ಹದಿಮೂರು! ಹದಿಮೂರೆರಡ್ಲಿ ಇಪ್ಪತ್ತಾರು! ಹದಿಮೂರು ಮೂರ್ಲಿ ಮೂವತ್ತೊಂಬತ್ತು!”

ಹದಿಮೂರರ ಮಗ್ಗಿ ಅವಳಿಗೆ ನೆಟ್ಟಗೆ ಬರುತ್ತಿರಲಿಲ್ಲ. ಆದರೆ ಬಾಯಿಗೆ ಬಂದದ್ದು ಅದೇ.

“ಹದಿಮೂರೇಳ್ಲಿ... ಎಂಬತ್ತೊಂದು!”

“ತೊಂಬತ್ತೊಂದು!” ಎಂದು ಒಳಗಿನಿಂದ ಅಜ್ಜಿಯ ದನಿ ಬಂತು. “ಯಾವ ಮೇಷ್ಟ್ರು ಹೇಳಿಕೊಟ್ಟದ್ದು ನಿನಗೆ?”

ಹಿಂತಿರುಗಿ ಮಂಚಕ್ಕೆ ಬಂದ ಮೇಲೆ ಇಬ್ಬರೂ ಸುಸ್ತಾಗಿ ಕೂತರು. ಸಿಡುಕಿ ಹೊರಗೆ ಎಸೆದಿದ್ದ ಬ್ಯಾಗಿನಿಂದ ತನ್ನ ಊಟದ ಡಬ್ಬಿ ತಂದು ಬಿಚ್ಚಿ ಅರ್ಧವನ್ನು ಅಜ್ಜಿಯ ಮುಂದಿಟ್ಟು, ಕಿಟಕಿ ಮುಚ್ಚಿದಳು. ಅಜ್ಜಿ ತಿಂದಳು. ಪೂರ್ತಿ ತಿನ್ನುವವರೆಗೂ ಸಿಡುಕಿ ಕಣ್ಣು ಕದಲಿಸಲಿಲ್ಲ.

“ಅಮ್ಮನಿಗೆ ನೀನೇ ಹೇಳು” ಎಂದಳು. “ನೀನು ಹೇಳದಿದ್ರೆ ನಾನು ಹೇಳ್ತೀನಿ.”

“ಇದೊಂದನ್ನ ಬಿಟ್ಟುಬಿಡಬಾರದಾ?”

“ಬಿಡಲ್ಲ.”

ಸಂಜೆ ಅಮ್ಮ ಬಂದು ಬೆಲ್ಟ್ ಸಡಿಲಿಸಿ ಕೂರುವಷ್ಟರಲ್ಲಿ ಅಜ್ಜಿ ಹೇಳಿದಳು. ಮುಚ್ಚಿಡದೆ, ಎಲ್ಲವನ್ನೂ ಹೇಳಿದಳು. ಅಮ್ಮ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಿನಿಂದ ಕೂಗಾಡಿದಳು. “ನೀನು ಉಪವಾಸ ಕೂತ್ರೆ ನನ್ನ ಬೆನ್ನು ಸರಿಹೋಗುತ್ತೇನಮ್ಮಾ? ನಿನಗೆ ಮತ್ತೆ ಏನಾದ್ರೂ ಆಗಿದ್ರೆ ನಾನೇನು ಮಾಡಬೇಕಿತ್ತು? ಈ ಮಗೂಗೆ ದಿನಾ ಬೈದೆನಲ್ಲ ನಾನು!” ಕೂಗುತ್ತ ಕೂಗುತ್ತ ಅಜ್ಜಿಯ ಪಕ್ಕ ಕುಸಿದು ಕೂತು, ಅಜ್ಜಿಯ ಹೆಗಲಿಗೆ ಹಣೆ ಇಟ್ಟಳು. ಇಬ್ಬರು ದೊಡ್ಡವರು ಹೀಗೆ ಕೂತಾಗ ತಾನೇನು ಮಾಡಬೇಕೆಂದು ತಿಳಿಯದೆ ಸಿಡುಕಿ ಹೋಗಿ ಕೋಳಿಗಳನ್ನು ಗೂಡಿಗೆ ಸೇರಿಸಿ ಬಂದಳು. ಅವಳು ಬಂದಾಗ ಅಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಸೋಪಿನ ಪುಡಿಯ ವಾಸನೆ ಬರುತ್ತಿತ್ತು.

ಫಿಸಿಯೋ ಅಕ್ಕನಿಗೆ ಫೋನು ಹೋಯಿತು. ಅವರೂ ಫೋನಿನಲ್ಲೇ ರೇಗಿದರು. “ಮೊದಲೇ ಹೇಳಬಾರದಾ? ಗೋಡೆಗೆ ಹಿಡಿಕೆ ಹಾಕಿಸಿ, ಸೀಟನ್ನ ಎತ್ತರ ಮಾಡಿಸಿದ್ರೆ ಯಾರೂ ಎತ್ತೋದೇ ಬೇಡ. ಅಜ್ಜಿ ತಾವೇ ಏಳ್ತಾರೆ!” ಪ್ಲಂಬರ್ ಬಂದು ಎರಡು ಸ್ಟೀಲ್ ಹಿಡಿಕೆ ಕೂರಿಸಿ, ಗೋಡೆ ತುಂಬ ಧೂಳು ಮಾಡಿ ಹೋದ.

ಮೊಟ್ಟೆಗಳೇನೂ ಮರುದಿನವೇ ಸರಿಹೋಗಲಿಲ್ಲ. ಕಿಟಕಿಯ ಕೆಳಗೆ ಬಂದು ನಿಲ್ಲುವ ಅಭ್ಯಾಸವನ್ನೂ ಕೋಳಿಗಳು ಬೇಗ ಬಿಡಲಿಲ್ಲ. ಏನೂ ಬೀಳದಿದ್ದಾಗ ಹೆಡ್‌ಮೇಡಂ ಗೋಡೆಗೆ ಬೈಯುತ್ತಾ ಹೋಗಿ ತೊಟ್ಟಿಗೆ ಬಾಯಿ ಹಾಕುತ್ತಿತ್ತು. ಬರಬರುತ್ತ ಚಿಪ್ಪು ಗಟ್ಟಿಯಾಯಿತು. ಅಜ್ಜಿ ಮತ್ತೆ ಮೊಟ್ಟೆ ಹೋಳು ಮಾಡಿ ಬೆಳಕಿಗೆ ಹಿಡಿದು ತಕರಾರು ತೆಗೆಯತೊಡಗಿದಳು. “ಇವತ್ತು ಬರೀ ದಂಟು ಹಾಕಿದ್ದೀಯಾ” ಎಂದರೆ ಸಿಡುಕಿ, “ನೀನೇ ಎದ್ದು ಹೋಗಿ ಎಲೆ ಹಾಕು” ಎನ್ನುತ್ತಿದ್ದಳು. ಅಜ್ಜಿ ಈಗ ಬಾಗಿಲವರೆಗೆ ನಡೆಯುತ್ತಿದ್ದಳು.

ಆದರೆ ಇದೆಲ್ಲ ಆಗುವ ಮುಂಚೆ, ಶಾಲೆಯ ಪಂಪು ರಿಪೇರಿಯಾಗಿ ಮತ್ತೆ ಶಾಲೆಗೆ ಹೊರಟ ಮೊದಲ ದಿನ, ಸಿಡುಕಿಯ ಕಾಲು ಗೇಟಿನ ಬಳಿ ತಡೆಯಿತು. ಮಧ್ಯಾಹ್ನ ಅವಳು ಮನೆಯಲ್ಲಿರುವುದಿಲ್ಲ. ಅವಳು ಟೈಲರ್ ಆಂಟಿಯ ಮನೆಯ ಮುಂದೆ ಹೋಗಿ ನಿಂತಳು. ಆಂಟಿ ಮೆಷಿನ್ನಿಗೆ ದಾರ ಪೋಣಿಸುತ್ತಿದ್ದರು.

“ಆಂಟಿ, ಅವತ್ತು ನಿಮ್ಮ ಮೇಲೆ ಅನುಮಾನ ಪಟ್ಟೆ. ಸಾರಿ.”

“ಹೋಗ್ಲಿ ಬಿಡು. ಮತ್ತೇನು?”

“ಮಧ್ಯಾಹ್ನ ಅಜ್ಜೀನ ಬಾತ್‌ರೂಮಿಗೆ ಕರ್ಕೊಂಡು ಹೋದಾಗ, ಹೊರಗೆ ನಿಂತು ಏನಾದ್ರೂ ಮಾತಾಡ್ತಾ ಇರ್ತೀರಾ? ‘ಆಯ್ತಾ’ ಅಂತ ಕೇಳಬೇಡಿ. ಸುಮ್ನೆ ಬೇರೆ ಏನಾದ್ರೂ. ಜೋರಾಗಿ.”

“ಜೋರಾಗಿ ಮಾತಾಡಬೇಕಾ? ಯಾಕೆ?”

ಸಿಡುಕಿ ಬ್ಯಾಗಿನ ಪಟ್ಟಿಯನ್ನು ಸರಿಮಾಡಿಕೊಂಡಳು. “ಏನಿಲ್ಲ ಆಂಟಿ. ಅಜ್ಜಿಗೆ ಬೇಜಾರಾಗುತ್ತೆ, ಅದಕ್ಕೆ.”

ಆಂಟಿ ದಾರವನ್ನು ಹಾಗೇ ಹಿಡಿದು ಅವಳನ್ನು ಒಂದು ಗಳಿಗೆ ನೋಡಿದರು.

“ಆ ಬಿಳಿ ಅಂಗಿ ಕತೆ ಇದೆಯಲ್ಲ” ಎಂದರು. “ಅದನ್ನ ಹೇಳೋಕೆ ಶುರುಮಾಡಿದ್ರೆ ನಿಮ್ಮಜ್ಜಿ ಒಳಗಿಂದ ಬೇಗ ಬರೋದೇ ಇಲ್ಲ ನೋಡು.”

ಸಿಡುಕಿ ನಕ್ಕು ಶಾಲೆಯ ಕಡೆ ಓಡಿದಳು.